ಬೆಟ್ಟದ ಕಡವೆ ಹೊಲಕ್ಕೆ ಏಕೆ ಇಳಿಯುತ್ತದೆ?

(ಮಳವಳ್ಳಿ ತಾಲ್ಲೂಕಿನ ಕಾಡಂಚಿನ ಗ್ರಾಮವೊಂದರಲ್ಲಿ ನೆರೆದಿದ್ದ ರೈತರ ಮುಂದೆ ಗ್ರಾಮಸೇವಕರು ಮಾಡಿದ ಭಾಷಣ)



ಹೋದ ಸಲ ನಾನು ಇದೇ ಜಗಲಿಯ ಮೇಲೆ ನಿಂತು ರಾಗಿಯ ಬೀಜೋಪಚಾರದ ವಿಷಯ ಹೇಳುತ್ತಿದ್ದಾಗ ಹಿರಿಯರೊಬ್ಬರು ಎದ್ದು ನಿಂತು, "ಬೀಜಕ್ಕೆ ಔಷ್ದಿ ಹಚ್ಚೋದು ಇರ್ಲಿ ಸಾಮಿ, ಬೆಳೆದ ತೆನೇನ ಕಡವೆ ತಿನ್ಕೊಂಡು ಹೋಯ್ತದೆ, ಅದ್ಕೇನು ಔಷ್ದಿ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿರಲಿಲ್ಲ. ನಾನು ಓದಿದ್ದು ಬೇಸಾಯದ ಡಿಪ್ಲೊಮ. ಅದರಲ್ಲಿ ಹುಳುವಿನ ಪಾಠವಿತ್ತು, ಇಲಿಯ ಪಾಠವಿತ್ತು, ಕಡವೆಯ ಪಾಠವಿರಲಿಲ್ಲ. ಅಲ್ಲಿಂದೀಚೆಗೆ ಪುಸ್ತಕ ತಿರುವಿ, ಅರಣ್ಯದ ಕಾವಲುಗಾರರನ್ನು ಕೇಳಿ, ಆಡು ಕಾಯುವ ಹುಡುಗರ ಹಿಂದೆ ನಡೆದು ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಭತ್ತ ಕಬ್ಬು ಬೆಳೆಯುವ ಮಂಡ್ಯದ ಕಡೆಯವರಿಗೆ ಇದು ದೂರದ ಮಾತೆನಿಸಬಹುದು. ಆದರೆ ಹಲಗೂರು ದಾಟಿ ಮುತ್ತತ್ತಿಯ ಕಡೆಗೆ ನಡೆದರೆ ನಾಲೆಯೂ ಇಲ್ಲ, ಕಬ್ಬೂ ಇಲ್ಲ. ಮಳೆ ನಂಬಿದ ರಾಗಿ, ಹುರುಳಿ, ಅವರೆ. ಅದರ ಆಚೆಗೆ ಕುರುಚಲು ಬೆಟ್ಟ. ಬೆಟ್ಟದ ಆಚೆಗೆ ಕಾವೇರಿ. ಈ ಬೆಟ್ಟಸಾಲು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದೆ. ನಮ್ಮ ಬದುವೇ ಕಾಡಿನ ಬದು.

ನಮ್ಮ ನಾಡಿನ ಜಿಂಕೆಯ ಕುಲದಲ್ಲಿ ಕಡವೆಯೇ ದೊಡ್ಡದು. ಬಲಿತ ಗಂಡು ಎರಡು ಕ್ವಿಂಟಾಲಿಗೂ ಮೇಲೆ ತೂಗುವುದುಂಟು. ಚುಕ್ಕೆ ಜಿಂಕೆಯ ಸ್ವಭಾವ ಬೇರೆ. ಅದು ಹಿಂಡು ಕಟ್ಟಿಕೊಂಡು ಬಯಲು ಹುಲ್ಲಿನಲ್ಲಿ ಮೇಯುತ್ತದೆ, ಮನುಷ್ಯರ ಸುಳಿವಿಗೆ ಬೇಗ ಒಗ್ಗಿಕೊಳ್ಳುತ್ತದೆ. ಕಡವೆ ಹಾಗಲ್ಲ. ಒಂಟಿಯಾಗಿ, ಇಲ್ಲವೇ ಎರಡು ಮೂರರ ಜೊತೆ, ದಟ್ಟ ಪೊದೆಯ ಮರೆಯಲ್ಲಿರುತ್ತದೆ. ಅನುಮಾನ ಬಂದರೆ ಕಾಲಿನಿಂದ ನೆಲ ಬಡಿದು, ಗಟ್ಟಿಯಾಗಿ ಒಂದು ಕೂಗು ಹಾಕಿ ಮಾಯವಾಗುತ್ತದೆ. ಆ ಕೂಗು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು.

ಕಡವೆಗೆ ಬೇಕಾದದ್ದು ಮೇವು, ನೀರು, ನೆರಳು. ಮೂರೂ ಒಂದೆಡೆ ಸಿಕ್ಕುವುದು ಹಳ್ಳದ ದಂಡೆಯಲ್ಲಿ. ಬೇಸಿಗೆಯಲ್ಲಿ ಬೆಟ್ಟದ ಓರೆಯೆಲ್ಲ ಒಣಗಿ ನಿಂತಾಗಲೂ ಹಳ್ಳದಲ್ಲಿ ಹೊಂಗೆಯ ನೆರಳಿರುತ್ತದೆ, ಒಂದಿಷ್ಟು ಹಸಿರಿರುತ್ತದೆ. ಆದರೆ ಬೆಳಗಾಗುತ್ತಲೇ ಆ ಹಳ್ಳಕ್ಕೆ ಯಾರು ಇಳಿಯುತ್ತಾರೆ? ದನ ಇಳಿಯುತ್ತವೆ, ಆಡು ಇಳಿಯುತ್ತವೆ, ಸೌದೆಯವರ ಮಚ್ಚಿನ ಸದ್ದಾಗುತ್ತದೆ, ಅವರ ಜೊತೆಗೆ ನಾಯಿ. ಆಗ ಕಡವೆ ಒಳ್ಳೆಯ ಜಾಗ ಬಿಟ್ಟು ಕೆಟ್ಟ ಜಾಗಕ್ಕೆ ಹೋಗುತ್ತದೆ. ಮೇಲೆ ಬಂಡೆಯ ಸಂದಿಯಲ್ಲಿ, ಮುಳ್ಳುಪೊದೆಯ ಕೆಳಗೆ, ಹೊಟ್ಟೆಗಿಲ್ಲದೆ ಹಗಲೆಲ್ಲ ಮಲಗಿರುತ್ತದೆ. ಹಸಿವಿಗಿಂತ ಭಯ ದೊಡ್ಡದಾದಾಗ ಯಾವ ಪ್ರಾಣಿಯಾದರೂ ಹಾಗೆಯೇ ಮಾಡುತ್ತದೆ. ಕತ್ತಲಾದ ಮೇಲೆ ಆ ಹಸಿವನ್ನು ಹೊತ್ತುಕೊಂಡು ಕೆಳಗಿಳಿಯುತ್ತದೆ. ಹಳ್ಳದ ಹುಲ್ಲನ್ನು ಆಗಲೇ ನಮ್ಮ ದನ ಮೇದು ಮುಗಿಸಿವೆ. ಇನ್ನು ನಾಲ್ಕು ಹೆಜ್ಜೆ ಕೆಳಗೆ ಬಂದರೆ ಹಾಲುಗಟ್ಟಿದ ರಾಗಿ. ಹಗಲು ನಾವು ಕಾಡಿನಲ್ಲಿ ಮಾಡಿದ್ದಕ್ಕೂ ರಾತ್ರಿ ಹೊಲದಲ್ಲಿ ಆಗುವುದಕ್ಕೂ ನಂಟಿದೆ ಎಂಬುದೇ ನನ್ನ ಎಣಿಕೆ.

ಇದು ನಮ್ಮೂರ ಕಡವೆಯ ಹಟವೆಂದು ತಿಳಿಯಬೇಡಿ. ಆರು ಖಂಡಗಳ 62 ಜಾತಿಯ ಸಸ್ತನಿಗಳ ಮೇಲೆ ನಡೆದ 76 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಹಗಲು ಅರ್ಧ ಇರುಳು ಅರ್ಧ ಓಡಾಡುವ ಪ್ರಾಣಿಯು ಮನುಷ್ಯರ ಗದ್ದಲವಿರುವಲ್ಲಿ ತನ್ನ ಓಡಾಟದಲ್ಲಿ ನೂರಕ್ಕೆ 68 ಪಾಲನ್ನು ರಾತ್ರಿಗೆ ತಳ್ಳಿಕೊಳ್ಳುತ್ತದೆ ಎಂದು ಕಂಡುಬಂತು. ಬೇಟೆಗಾರ ಬಂದರೂ ಅಷ್ಟೆ, ಸುಮ್ಮನೆ ನಡೆದು ಹೋಗುವವನು ಬಂದರೂ ಹೆಚ್ಚುಕಡಿಮೆ ಅಷ್ಟೆ. ನಮ್ಮ ಮನಸ್ಸಿನಲ್ಲಿ ಏನಿದೆಯೆಂದು ಕಡವೆಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಸಂಗತಿ ನನಗೆ ಬಹಳ ಉಪಯುಕ್ತವೆನಿಸಿತು. ಅಮೆರಿಕದ ಯೂಟಾ ಪ್ರಾಂತದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಜನ ಕಾಲುದಾರಿಯಲ್ಲೇ ನಡೆದರೆ ನೂರು ಮೀಟರಿನೊಳಗಿದ್ದ ಪ್ರಾಣಿಗಳು ನೂರಕ್ಕೆ 70 ಸಲ ಎದ್ದು ಓಡುತ್ತಿದ್ದವು. ದಾರಿ ಬಿಟ್ಟು ನಡೆದರೆ ಅಲ್ಲಿಯ ಜಿಂಕೆಗಳು ನೂರಕ್ಕೆ 96 ಸಲ ಓಡುತ್ತಿದ್ದವು. ಗೊತ್ತಾದ ದಾರಿಯಲ್ಲಿ ಬರುವ ಸದ್ದಿಗೆ ಪ್ರಾಣಿ ಸ್ವಲ್ಪವಾದರೂ ಹೊಂದಿಕೊಳ್ಳುತ್ತದೆ. ಎಲ್ಲಿಂದಲೋ ಬಂದು ಎದುರಿಗೆ ನಿಲ್ಲುವುದಕ್ಕೆ ಹೊಂದಿಕೊಳ್ಳಲಾರದು. ಮುತ್ತತ್ತಿಯ ಆಂಜನೇಯನಿಗೆ ನಡೆದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ, ನಾನೂ ಒಬ್ಬ. ಸ್ವಾಮಿಯ ದರ್ಶನ ಮಾಡಿ ಬಂದ ದಾರಿಯಲ್ಲೇ ಹಿಂದಿರುಗುವವರಿಂದ ಕಡವೆಗೆ ತೊಂದರೆ ಕಡಮೆ. ಹೊಳೆಯ ದಂಡೆ ಹಿಡಿದು ಪೊದೆಯೊಳಗೆ ನುಗ್ಗಿ ಒಲೆ ಹೂಡಿ ಪಾಟಿನ ಪೆಟ್ಟಿಗೆ ಹಚ್ಚುವವರ ಮಾತು ಬೇರೆ.

ಮದ್ದೂರಿನವರಿಗೆ ಇದರ ಇನ್ನೊಂದು ಮುಖ ಗೊತ್ತು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಮನೆಯ ಹಿತ್ತಲಿನ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಗಾಡಿ ಓಡುತ್ತದೆ, ಮಕ್ಕಳು ಆಡುತ್ತವೆ. ತಲೆತಲಾಂತರದಿಂದ ಯಾರೂ ಕಲ್ಲು ಬೀಸಿಲ್ಲವಾದ್ದರಿಂದ ಆ ಹಕ್ಕಿಗಳು ಊರನ್ನೇ ಆರಿಸಿಕೊಂಡಿವೆ. ಕಡವೆ ಊರೊಳಗೆ ಬರಲಿ ಎಂದು ನಾನು ಹೇಳುತ್ತಿಲ್ಲ! ಅದು ತನ್ನ ಹಳ್ಳದಲ್ಲೇ ಉಳಿಯುವಂತಾಗಲಿ ಎಂದಷ್ಟೇ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ತೆನೆಯ ಕಾಲದಲ್ಲಿ ಪಟಾಕಿ ಹೊಡೆಯಿರಿ, ತಮಟೆ ಬಾರಿಸಿರಿ ಎಂದು ಸಲಹೆ ಕೊಟ್ಟವನು ನಾನೇ. ಮೂರು ರಾತ್ರಿ ಕೆಲಸ ಮಾಡಿತು. ನಾಲ್ಕನೆಯ ರಾತ್ರಿ ಕಡವೆ ಪಕ್ಕದ ವಿಧವೆ ತಾಯಿಯ ಹೊಲಕ್ಕೆ ಹೋಯಿತು. ಅಲ್ಲಿ ಅಟ್ಟಣೆಯಲ್ಲಿ ಕೂರಲು ಗಂಡಾಳಿರಲಿಲ್ಲ. ಹತ್ತನೆಯ ರಾತ್ರಿಗೆ ತಮಟೆ ಬಾರಿಸಿದವರ ಹೊಲಕ್ಕೂ ಮತ್ತೆ ಬಂತು. ಬರಿಯ ಸದ್ದು ಕಚ್ಚುವುದಿಲ್ಲವೆಂದು ಅದು ಕಲಿತುಬಿಟ್ಟಿತ್ತು. ಆ ತಾಯಿಗೆ ಆದ ನಷ್ಟದಲ್ಲಿ ನನ್ನ ಪಾಲೂ ಇದೆ.

ಉರುಲು ಹಾಕುವುದು, ಬೇಲಿಗೆ ಕರೆಂಟು ಹರಿಸುವುದು ಇವುಗಳ ಮಾತೇ ಬೇಡ. 1972ರ ಕಾಯಿದೆಯಂತೆ ಅಪರಾಧ ಎನ್ನುವುದು ಒಂದು. ಕತ್ತಲಲ್ಲಿ ಆ ತಂತಿ ತುಳಿಯುವುದು ನಮ್ಮ ಮನೆಯ ಮಗುವೂ ಆಗಬಹುದು ಎನ್ನುವುದು ಇನ್ನೊಂದು.

ಹಾಗಾದರೆ ಮಾಡುವುದೇನು? ಬಂಡೀಪುರದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊರ ದನಗಳ ಮೇವು ಕಡಮೆಯಾದ ಜಾಗಗಳಿಗೆ ಹುಲ್ಲು ಮೇಯುವ ದೊಡ್ಡ ಕಾಡುಪ್ರಾಣಿಗಳು ಹಿಂದಿರುಗಿದ್ದು ಕಂಡಿತು. ಧಾಮದೊಳಗೆ ದನ ಬಿಡುವುದಕ್ಕೆ ಇರುವ ಕಟ್ಟುಪಾಡುಗಳನ್ನು ಅರಣ್ಯ ಇಲಾಖೆಯವರು ಹೇಳುತ್ತಾರೆ. ನಾನು ಹೇಳುವುದು ಬೇಸಾಯಗಾರನ ಲೆಕ್ಕ. ನಾಲ್ಕು ಆಡು ನಂಬಿ ಬದುಕುವ ಮನೆಗೆ ನಾಳೆಯಿಂದಲೇ ಎಲ್ಲವನ್ನೂ ಕಟ್ಟಿಹಾಕು ಎನ್ನುವುದು ನ್ಯಾಯವಲ್ಲ. ಆದರೆ ರಾಗಿ ತೆನೆ ಹಾಲುಗಟ್ಟಿದಾಗಿನಿಂದ ಕೊಯ್ಲು ಮುಗಿಯುವವರೆಗೆ, ಊರೆಲ್ಲ ಒಪ್ಪಿ ಒಂದು ಹಳ್ಳದ ಕಡೆಗೆ ಯಾರೂ ತಲೆಹಾಕದೆ ಇರಬಹುದು. ಬಿದ್ದ ಸೌದೆ ತರುವುದಕ್ಕೂ ಅಪ್ಪಣೆ ಇದ್ದ ಕಡೆ ಒಂದೇ ದಾರಿ ಹಿಡಿಯಬಹುದು. ನಾಯಿಯನ್ನಂತೂ ಮನೆಯಲ್ಲೇ ಕಟ್ಟಬೇಕು. ನಾಯಿ ಪೊದೆ ಪೊದೆಯನ್ನೂ ಮೂಸಿ ಎಬ್ಬಿಸುತ್ತದೆ. ಮೇಲಾಗಿ ನಾಯಿಯ ಆಸೆಗೆ ಚಿರತೆ ಊರವರೆಗೆ ಬರುತ್ತದೆ.

ಆ ಎರಡು ತಿಂಗಳ ಮೇವಿಗೆ ನೇಪಿಯರ್ ಹುಲ್ಲು ಆಗುತ್ತದೆ. ಅದಕ್ಕೆ ನೀರು ಬೇಕು ನಿಜ. ಬೋರ್‌ವೆಲ್ ಇಲ್ಲದವರು ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಎರಡು ಸಾಲು ನೆಡಿ. ಮುಂಗಾರಿನಲ್ಲಿ ಬದುವಿನ ಮೇಲೆ ಮೇವಿನ ಜೋಳ, ಹಲಸಂದೆ ಚೆಲ್ಲಿ. ಹೋದ ವರ್ಷದ ರಾಗಿ ಹುಲ್ಲಿನ ಮೆದೆಯನ್ನು ಬೇಸಿಗೆಯಲ್ಲೇ ಮಾರಿಬಿಡಬೇಡಿ.

ಇಷ್ಟು ಮಾಡಿದರೆ ಕಡವೆ ಬರುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ರಾಗಿಯ ರುಚಿ ಅದಕ್ಕೂ ಗೊತ್ತು. ಅಟ್ಟಣೆಯ ಕಾವಲು ಬೇಕಾಗುತ್ತದೆ. ಈ ಸಲ ಆ ತಾಯಿಯ ಹೊಲವನ್ನೂ ಸೇರಿಸಿ ಸರದಿಯ ಮೇಲೆ ಕಾಯೋಣ, ಒಂದು ರಾತ್ರಿಯ ಸರದಿ ನನ್ನದು. ನೇಪಿಯರ್ ಕಡ್ಡಿ ಬೇಕಾದವರು ಸಭೆ ಮುಗಿದ ಮೇಲೆ ಹೆಸರು ಬರೆಸಿ. ಯಾವ ಹಳ್ಳವನ್ನು ಬಿಡುವುದೆಂಬುದನ್ನು ಮಾತ್ರ ನಾನು ಹೇಳತಕ್ಕದ್ದಲ್ಲ. ಕಾಡಿನ ಒಳಹೊರಗು ಬಲ್ಲವರು ನೀವು. ಹೋದ ಸಲ ಪ್ರಶ್ನೆ ಕೇಳಿದ ಹಿರಿಯರು ಇಲ್ಲೇ ಕುಳಿತಿದ್ದಾರೆ, ಅವರೇ ಮೊದಲು ಹೇಳಲಿ.