ಹೆಸರು ಬರೆಯೋಣ, ದಾರಿ ತೆರೆಯೋಣ



ಕಂಪೆನಿಯವರು ವಿಕಲಚೇತನ ಯುವಜನರಿಗೆ ಸಹಾಯ ಮಾಡಿದರೆ ನಾವು ಅದನ್ನು ದಾನ ಅಂತೀವಿ. ಆದರೆ 2013ರ ಕಂಪೆನಿ ಕಾಯ್ದೆಯಂತೆ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭ ಬರುವ ಕಂಪೆನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಲೇಬೇಕು. ಆ ಖರ್ಚಿನ ಪಟ್ಟಿಯಲ್ಲಿ ವಿಕಲಚೇತನರ ಉದ್ಯೋಗ ತರಬೇತಿಯೂ ಇದೆ.

ಈ ಹಣ ನೇರವಾಗಿ ನಮ್ಮ ಮನೆಗೆ ಬರೋದಿಲ್ಲ; ಹೆಚ್ಚಾಗಿ ನೋಂದಾಯಿತ ಸಂಸ್ಥೆಗಳ ಮೂಲಕ ಬರುತ್ತದೆ. ಸ್ವತಃ ಪೋಲಿಯೊಗೆ ತುತ್ತಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎ.ಪಿ.ಡಿ. ಅಂಥದ್ದೊಂದು ಸಂಸ್ಥೆ. ಅಲ್ಲಿ ತೋಟಗಾರಿಕೆಯಂಥ ಕೆಲಸ ಕಲಿಸುತ್ತಾರೆ. ಫೋಟೊ ತೆಗೆದು ಗಾಲಿಕುರ್ಚಿ ಕೊಟ್ಟರೆ ಸಾಕಾ? ಕುರ್ಚಿಯೂ ಬೇಕು, ಕೂತು ದುಡಿಯೋ ಕೆಲಸವೂ ಬೇಕು.

ಮೊದಲು ಯು.ಡಿ.ಐ.ಡಿ. ಕಾರ್ಡು ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವಿಕಲತೆಗಳಿವೆ. ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಕಲಿಕೆಯ ತೊಂದರೆಯೂ ಸೇರಿವೆ. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಲು ದಾರಿ ತೋರಿಸ್ತಾರೆ.

ಒಂದು ಮಾತು ಕಟುವಾಗಿ ಹೇಳಬೇಕು. ನೆಂಟರು ಬಂದಾಗ ಒಳಕೋಣೆಯಲ್ಲಿ ಕೂರಿಸಿದ ಮಗಳನ್ನು ಯಾವ ಕಂಪೆನಿಯೂ ಹುಡುಕಿಕೊಂಡು ಬರೋದಿಲ್ಲ. ಅವಳು ಇದ್ದಾಳೆ ಅಂತ ನಾವೇ ಹೇಳಬೇಕು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಒಂದು ಪಟ್ಟಿ ಮಾಡಿ: ನಮ್ಮ ಬೀದಿಯ ವಿಕಲಚೇತನ ಯುವಕ ಯುವತಿಯರು ಯಾರು, ಏನು ಓದಿದ್ದಾರೆ, ಕಾರ್ಡು ಇದೆಯಾ, ಏನು ಕೆಲಸ ಇಷ್ಟ? ಇದನ್ನು ಅವರನ್ನೇ ಕೇಳಿ ಬರೆಯಿರಿ. ಸಾಲದ ಕಂತನ್ನು ತಪ್ಪದೆ ಬರೆಯೋ ನಾವು, ಈ ಮಕ್ಕಳ ಹೆಸರನ್ನೂ ತಪ್ಪದೆ ಬರೆಯೋಣ.