ದೊಡ್ಡಿಯ ದನ ಮತ್ತು ಸರ್ಕಾರದ ಸೂಚನೆ

(ಗಿರಣಿ ಕಾರ್ಮಿಕರು, ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಿದ್ದರೆಂದು ತನಿಖೆಯಲ್ಲಿ ಹೊರಬಿತ್ತು. ಅದು ಅಪರಾಧವೇ ಸರಿ. ನಾವು ಅದನ್ನು ಸಮರ್ಥಿಸುವುದಿಲ್ಲ. ಆದರೆ ಮುಂದಿನ ತಿಂಗಳೇ ಅರಣ್ಯ ಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನೇ ತಡೆಯಬೇಕೆಂದು ಅಧಿಕಾರಿಗಳಿಗೆ ಸೂಚಿಸಿದರು. ವಿರೋಧ ಬಂದ ಮೇಲೆ ಸಮಜಾಯಿಷಿಯೂ ಬಂತು. ಗಿರಣಿಯಲ್ಲಿ ಒಬ್ಬ ಯಂತ್ರ ಕೆಡಿಸಿದನೆಂದು ಇಡೀ ಪಾಳಿಗೆ ಬಾಗಿಲು ಹಾಕಿದರೆ ನೀವು ಒಪ್ಪುವಿರಾ?

ಅಲ್ಲಿನ ಬದುಕು ಹೇಗಿದೆ ನೋಡಿ. ಅದು ಕುರುಚಲು ಮರಗಳ ಒಣ ಕಾಡು. ಮಳೆ ಬಿದ್ದು ಹೊಲದಲ್ಲಿ ರಾಗಿ ಇರುವ ತಿಂಗಳುಗಳಲ್ಲಿ ದನಗಳು ಕಾಡಿನೊಳಗಿನ ಮುಳ್ಳುಬೇಲಿಯ ದೊಡ್ಡಿಗಳಲ್ಲಿರುತ್ತವೆ; ಕೊಯ್ಲಾದ ಮೇಲೆ ಊರಿಗೆ ಬಂದು ಕೂಳೆ ಮೇಯುತ್ತವೆ. ಗಡಿಯಾಚೆಯ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕಿದ ಬರಗೂರು ತಳಿ ಇಂಥ ಮೇವಿನಿಂದಲೇ ಉಳಿದದ್ದು. ದೊಡ್ಡಿಯ ಗೊಬ್ಬರ ದೂರದ ತೋಟಗಳಿಗೆ ಮಾರಾಟವಾಗುತ್ತದೆ. ನಗದು ಕಾಣದ ಮನೆಗೆ ಅದೇ ರೊಕ್ಕ.

ಈ ಬೇಲಿ ಹೊಸದಲ್ಲ. ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿತ್ತು. 1882ರ ಮದರಾಸು ಅರಣ್ಯ ಕಾಯಿದೆ ಮೀಸಲು ಕಾಡಿನ ಮೇವನ್ನು ಸರ್ಕಾರದ ಅಪ್ಪಣೆಗೆ ಒಳಪಡಿಸಿತು. 2013ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. 2022ರ ಮಾರ್ಚಿಯಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಎಲ್ಲ ಕಾಡಿನಲ್ಲೂ ಮೇವು ನಿಷೇಧಿಸಿ, ಅದೇ ತಿಂಗಳು ಆ ಆಜ್ಞೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು.

ಇಲಾಖೆಯ ಮಾತಿನಲ್ಲೂ ಸತ್ಯವಿದೆ. ದನ ಹೆಚ್ಚಾದರೆ ಎಳೆ ಸಸಿ ಉಳಿಯದು. 1968ರಲ್ಲಿ ದೊಡ್ಡರೋಗ ಬಂಡೀಪುರ, ಮುದುಮಲೆಯ ಕಾಟಿಗಳನ್ನು ಬಲಿ ತೆಗೆದುಕೊಂಡಿತು. ಆದರೆ ಹುಲ್ಲನ್ನು ನುಂಗಿರುವುದು ದನವೊಂದೇ ಅಲ್ಲ, ಲಂಟಾನ ಪೊದೆಯೂ ಹೌದು.

ಇನ್ನೊಂದು ಮಾತು. ಕಾಡಿನಲ್ಲಿರುವ ದನವೆಲ್ಲ ಕಾಯುವವನದಲ್ಲ. ಎಷ್ಟೋ ದನದ ಧಣಿ ಬೇರೆಲ್ಲೋ ಇರುತ್ತಾನೆ. ಕೂಲಿಗೆ ಕಾಯುವವನು ದೊಡ್ಡಿಯಲ್ಲಿ ಮಲಗುತ್ತಾನೆ. ನಿಷೇಧ ಬಂದಾಗ ಫಾರೆಸ್ಟ್ ಗಾರ್ಡಿನ ಕೈಗೆ ಸಿಕ್ಕುವವನು ಯಾರು? ಧಣಿಯೋ, ಕೂಲಿಯೋ? ನೀವೇ ಹೇಳಿ.

2006ರ ಅರಣ್ಯ ಹಕ್ಕು ಕಾಯಿದೆ ಮೇವನ್ನು, ಋತುಮಾನಕ್ಕೆ ತಕ್ಕ ಮೇವನ್ನೂ ಸೇರಿಸಿ, ಸಮುದಾಯದ ಹಕ್ಕೆಂದು ಬರೆದಿದೆ. ವನ್ಯಜೀವಿಧಾಮದಲ್ಲೂ ಅದು ಅನ್ವಯಿಸುತ್ತದೆ. ಅರ್ಜಿಯನ್ನು ಮೊದಲು ತೀರ್ಮಾನಿಸಬೇಕಾದದ್ದು ಗ್ರಾಮಸಭೆ. ಆದರೆ ಬುಡಕಟ್ಟಿನವರಲ್ಲದವರು 75 ವರ್ಷಗಳ ವಾಸಕ್ಕೆ ಪುರಾವೆ ತೋರಿಸಬೇಕು. ಕಾಗದವೇ ಇಲ್ಲದ ಬೆಟ್ಟದವನು ಏನು ತೋರಿಸಿಯಾನು?

ನಮ್ಮ ಬೇಡಿಕೆಗಳು ಇವು: ಹಕ್ಕಿನ ಅರ್ಜಿಗಳು ಮೊದಲು ಇತ್ಯರ್ಥವಾಗಲಿ. ಯಾವ ಕಾಡಿಗೆ ಎಷ್ಟು ದನ, ಯಾವ ತಿಂಗಳು ಎಂಬುದನ್ನು ಗ್ರಾಮಸಭೆಯೂ ಇಲಾಖೆಯೂ ಕೂಡಿ ಗೊತ್ತುಮಾಡಲಿ. ದನಕ್ಕೆಲ್ಲ ಲಸಿಕೆ ಹಾಕಿಸಲಿ. ಹುಲಿ ದನ ಕೊಂದರೆ ಪರಿಹಾರ ತಡವಿಲ್ಲದೆ ಕೈಸೇರಲಿ. ಪರಿಹಾರ ಹೊತ್ತಿಗೆ ಸಿಕ್ಕಿದವನಿಗೆ ಹುಲಿಯ ಮೇಲೆ ಹಗೆ ಏಕೆ?

ಪಟ್ಟಣದ ನಮಗೆ ಇದು ದೂರದ ಸುದ್ದಿಯಾಗಬಾರದು. ದನ ಮಾರಿ ಬೆಟ್ಟ ಇಳಿದವನು ನಾಳೆ ಅರೆಕೂಲಿಗೆ ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಸಂತೆಗೆ ಅವನ ಖರೀದಿಯೂ ನಿಲ್ಲುತ್ತದೆ. ಅವನ ಹಕ್ಕಿಗಾಗಿ ನಾವು ಈಗಲೇ ದನಿ ಎತ್ತೋಣ.