ಸ್ಲೈಡ್ ಓದಬೇಡಿ, ಅದರ ಮೇಲೆ ಬರೆಯಿರಿ
(ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮಲ್ಲಿ ಹಲವರು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಬಂದವರು. ಕೆಲವರು ಕೆಂಗೇರಿ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು. ನಿಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನೀವೇ ಆಗಿರಬಹುದು. ಇಂದಲ್ಲ ನಾಳೆ ಸೆಮಿನಾರಿನಲ್ಲೋ ಪ್ರಾಜೆಕ್ಟ್ ವೈವಾದಲ್ಲೋ ಪರದೆಯ ಪಕ್ಕ ನಿಂತು ಮಾತಾಡಲೇಬೇಕಾಗುತ್ತದೆ. ಆ ದಿನಕ್ಕಾಗಿ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಸ್ಲೈಡನ್ನು ಓದಬೇಡಿ, ಅದರ ಮೇಲೆ ಬರೆಯಿರಿ.

ನನ್ನ ಮೊದಲ ಸೆಮಿನಾರಿಗೆ ನಾನು ಒಯ್ದದ್ದು 28 ಸ್ಲೈಡ್. ಅರ್ಧದಷ್ಟು ಗೆಳೆಯನ ಪೆನ್‌ಡ್ರೈವ್‌ನಿಂದ ಬಂದವು. ತಲೆ ಎತ್ತದೆ ಓದಿ ಮುಗಿಸಿದೆ. ಪರೀಕ್ಷಕರು ಒಂದು ಸರ್ಕ್ಯೂಟಿನ ಚಿತ್ರಕ್ಕೆ ಮರಳಿ, "ಇಲ್ಲಿ ಕರೆಂಟು ಯಾವ ದಾರಿಯಲ್ಲಿ ಹೋಗುತ್ತದೆ, ತೋರಿಸಪ್ಪ" ಎಂದರು. ನನ್ನ ಕೈ ಮೇಲೇಳಲಿಲ್ಲ. ಅವರು ಬೈಯಲಿಲ್ಲ. ಸೀಮೆಸುಣ್ಣ ಕೊಟ್ಟು, "ಬೋರ್ಡಿನ ಮೇಲೆ ಬರೆಯುತ್ತಾ ಹೇಳು" ಎಂದರು. ಬರೆಯತೊಡಗಿದಾಗಲೇ ನನಗೆ ಎಲ್ಲಿಯವರೆಗೆ ಗೊತ್ತಿದೆ, ಎಲ್ಲಿಂದ ಗೊತ್ತಿಲ್ಲ ಎಂಬುದು ಅರಿವಾಯಿತು. ಎರವಲು ತಂದ ಸ್ಲೈಡು ಆ ಅರಿವನ್ನು ಕೊಡುವುದಿಲ್ಲ.

ಕಪ್ಪುಹಲಗೆಯ ಗುಣವೇ ಅದು. ಮೇಷ್ಟರ ಕೈ ಓಡಿದಷ್ಟೇ ವೇಗದಲ್ಲಿ ಪಾಠ ಸಾಗುತ್ತಿತ್ತು, ಮಕ್ಕಳ ತಲೆಯೂ ಜೊತೆಗೇ ಸಾಗುತ್ತಿತ್ತು. 1987ರಲ್ಲಿ ಪವರ್‌ಪಾಯಿಂಟ್ ಬಂತು. ಮುಂದೆ ಅದು ತರಗತಿಗಳಿಗೂ ಕಾಲಿಟ್ಟಾಗ ಎಲ್ಲವೂ ಒಂದೇ ಕ್ಷಣದಲ್ಲಿ ಪರದೆ ತುಂಬುವಂತಾಯಿತು. ನೋಡುವವರು ಹಿಂದೆ ಉಳಿದರು.

ಪಾಠ ದೂರದಿಂದ ಬರುವಾಗ ಈ ಸಮಸ್ಯೆ ಇನ್ನೂ ಹೆಚ್ಚು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಆ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಮೊಬೈಲಿನಲ್ಲೇ ಪಾಠ ಕೇಳಿದ್ದು ನಿಮಗೆ ನೆನಪಿರಬಹುದು. ಮೊಬೈಲಿನ ತುಂಬ ಸ್ಲೈಡೇ ಇದ್ದಾಗ ಮೇಷ್ಟರ ಬೆರಳೂ ಕಾಣದು, ಕೋಲೂ ಕಾಣದು. ಸ್ಲೈಡಿನ ಮೇಲೆ ಎಳೆದ ಗೆರೆ ಮಾತ್ರ ನಿಮ್ಮವರೆಗೆ ತಲುಪುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ವಿಷಯ ವೃಷಭಾವತಿ ನದಿ ಎಂದುಕೊಳ್ಳಿ. ಬಣ್ಣ ತುಂಬಿದ ಸಿದ್ಧ ನಕ್ಷೆ ಹಾಕಿದರೆ ಸಭೆ ನೋಡಿ ಮರೆಯುತ್ತದೆ. ಅದರ ಬದಲು ಊರುಗಳ ಹೆಸರಷ್ಟೇ ಇರುವ ಸ್ಲೈಡ್ ಇಡಿ. ಬಸವನಗುಡಿಯಿಂದ ಗೆರೆ ಶುರುಮಾಡಿ. ರಾಜಾಜಿನಗರ, ವಿಜಯನಗರದ ಕಡೆಯ ರಾಜಕಾಲುವೆಗಳನ್ನು ಅದಕ್ಕೆ ಕೂಡಿಸಿ. ನಾಯಂಡಹಳ್ಳಿ ದಾಟಿಸಿ, ಮೈಸೂರು ರಸ್ತೆಯ ಬದಿಯಲ್ಲೇ ಕೆಂಗೇರಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಮುಟ್ಟಿಸಿ. ತಮ್ಮ ಮನೆಯ ಮೋರಿಯ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುಗರು ಕಣ್ಣಾರೆ ಕಾಣುತ್ತಾರೆ. ಹೊಣೆ ಯಾರದೆಂದು ನೀವು ಬೇರೆ ಹೇಳಬೇಕಾಗಿಲ್ಲ.

ವಿಧಾನ ಸುಲಭ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುತ್ತಿರುವಾಗ ಕಂಟ್ರೋಲ್ ಕೀಲಿಯ ಜೊತೆ ಪಿ ಒತ್ತಿದರೆ ಬಾಣ ಪೆನ್ ಆಗುತ್ತದೆ. ಕಂಟ್ರೋಲ್ ಜೊತೆ ಎ ಒತ್ತಿದರೆ ಮತ್ತೆ ಬಾಣ. ಇ ಒತ್ತಿದರೆ ಆ ಸ್ಲೈಡಿನಲ್ಲಿ ಬರೆದದ್ದೆಲ್ಲ ಅಳಿಯುತ್ತದೆ. ಬಿ ಒತ್ತಿದರೆ ಪರದೆ ಕಪ್ಪಾಗಿ, ಸಭೆಯ ಗಮನ ನಿಮ್ಮತ್ತ ತಿರುಗುತ್ತದೆ. ಪೆನ್ ಇರುವಾಗ ಮೌಸ್ ಒತ್ತಿದರೆ ಸ್ಲೈಡ್ ಮುಂದಕ್ಕೆ ಹೋಗದು. ಕೀಲಿಮಣೆಯ ಬಾಣದ ಗುರುತು ಒತ್ತಬೇಕು. ಹಲವರು ಗಾಬರಿಯಾಗುವುದು ಇಲ್ಲಿಯೇ. ಮುಗಿಸುವಾಗ ಬರೆದದ್ದನ್ನು ಉಳಿಸಬೇಕೇ ಎಂದು ಅದು ಕೇಳುತ್ತದೆ. ಉಳಿಸಿದರೆ ಬಾರದ ಗೆಳೆಯರಿಗೂ ಉಪಯೋಗ. ಹಣ ಕೊಡಬೇಕಿಲ್ಲದ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲೂ ಈ ಪೆನ್ ಇದೆ.

ಕೆಲವು ಎಚ್ಚರಿಕೆಗಳು. ಮೌಸಿನಿಂದ ಅಕ್ಷರ ಬರೆಯಲು ಹೋಗಬೇಡಿ, ಸೊಟ್ಟಗಾಗುತ್ತದೆ. ಸುತ್ತು, ಅಡಿಗೆರೆ, ಬಾಣ ಸಾಕು. ಒಂದು ಸ್ಲೈಡಿಗೆ ಮೂರು ಗುರುತು ಮೀರಿದರೆ ಯಾವುದು ಮುಖ್ಯವೆಂಬುದೇ ತಿಳಿಯದು. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರು ಸಭೆಯಲ್ಲಿರಬಹುದು. ಬಣ್ಣದ ಮೇಲೆಯೇ ಅರ್ಥವನ್ನು ನಿಲ್ಲಿಸಬೇಡಿ. ಗೆರೆ ಎಳೆಯುವಾಗ ಮಾತು ನಿಧಾನವಾಗಲಿ, ಎಳೆದ ಮೇಲೆ ಸಭೆಯತ್ತ ತಿರುಗಿ. ಹಿಂದಿನ ದಿನವೇ ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ. ತಂಗಿಯನ್ನೋ ಅಮ್ಮನನ್ನೋ ಎದುರಿಗೆ ಕೂರಿಸಿಕೊಳ್ಳಿ. ಅವರಿಗೆ ಅರ್ಥವಾದರೆ ಪರೀಕ್ಷಕರಿಗೂ ಅರ್ಥವಾಗುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಇಂಗ್ಲಿಷ್ ಸರಾಗವಾಗಿ ಬಾರದೆಂದು ನಮ್ಮ ಮಕ್ಕಳು ಸ್ಲೈಡಿನ ವಾಕ್ಯಗಳ ಹಿಂದೆ ಅವಿತುಕೊಳ್ಳುತ್ತಾರೆ. ಆ ಅಳುಕು ನನಗೂ ಇತ್ತು. ಆದರೆ ಗೆರೆಗೆ ವ್ಯಾಕರಣ ಬೇಕಿಲ್ಲ. ತಿಳಿದವನ ಕೈ ತಡವರಿಸದೆ ಬಾಣ ಎಳೆದಾಗ ಅವನ ಮಾತಿನ ತೊದಲನ್ನು ಸಭೆ ಮನ್ನಿಸುತ್ತದೆ. ತಪ್ಪು ಗೆರೆ ಎಳೆದರೆ ನಾಚಬೇಡಿ. ಅಳಿಸಿ, ಮತ್ತೆ ಎಳೆಯಿರಿ. ತಿದ್ದಿಕೊಳ್ಳುವುದನ್ನು ಎದುರಿಗಿರುವವರು ನೋಡಿದರೆ ನಿಮ್ಮ ಮರ್ಯಾದೆ ಕುಂದುವುದಿಲ್ಲ, ಹೆಚ್ಚುತ್ತದೆ.

ಮುಂದಿನ ಸೆಮಿನಾರಿಗೆ 28 ಸ್ಲೈಡ್ ಬೇಡ. ಎಂಟು ಇರಲಿ, ಅದರಲ್ಲಿ ಒಂದು ಖಾಲಿ ಇರಲಿ. ಆ ಖಾಲಿ ಜಾಗ ನಿಮ್ಮದು.